ಗರ್ಭದ ಪ್ರಶ್ನೆಯನ್ನೇ ಕೇಳದೆ ಮಾತ್ರೆ ಬರೆದುಕೊಟ್ಟ ಬಗ್ಗೆ ದೂರು

ಇಂದ,
ನಿಮ್ಮ ಆ್ಯಪ್ ಬಳಸಿದ ಗ್ರಾಹಕಿ
ರಾಣೆಬೆನ್ನೂರು ತಾಲೂಕು, ಹಾವೇರಿ ಜಿಲ್ಲೆ

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ
ಆನ್‌ಲೈನ್ ವೈದ್ಯ ಸಲಹೆ ಕಂಪನಿ

ವಿಷಯ: ಮುಟ್ಟು ತಪ್ಪಿದ ಮೇಲೆ ಆದ ರಕ್ತಸ್ರಾವಕ್ಕೆ ಗರ್ಭದ ಪರೀಕ್ಷೆ ಮಾಡಿಸದೆ ಮಾತ್ರೆ ಕೊಟ್ಟದ್ದು ಮತ್ತು ನೋವು ಶುರುವಾದಾಗ ಚಾಟ್ ಮುಚ್ಚಿದ್ದು.

ಮಾನ್ಯರೇ,

ಕಳೆದ ತಿಂಗಳು ನನ್ನ ಮುಟ್ಟು ಒಂದು ವಾರಕ್ಕೂ ಜಾಸ್ತಿ ತಡವಾಗಿತ್ತು. ಆಮೇಲೆ ಸ್ವಲ್ಪ ಸ್ವಲ್ಪ ಕಂದು ಬಣ್ಣದ ರಕ್ತ ಕಾಣಿಸತೊಡಗಿತು. ಪ್ಯಾಡ್ ತುಂಬುವಷ್ಟಿರಲಿಲ್ಲ, ಹಾಗಂತ ನಿಲ್ಲಲೂ ಇಲ್ಲ. ನನ್ನ ಮುಟ್ಟು ಯಾವತ್ತೂ ಹೀಗೆ ಬಂದದ್ದಿಲ್ಲ. ಮಗು ಬೇಕು ಎಂದು ಕಾಯುತ್ತಿರುವ ಮನೆ ನಮ್ಮದು. ಬಸಿರಾಗಿರಬಹುದಾ, ಆಗಿದ್ದರೆ ಈ ರಕ್ತ ಯಾಕೆ ಎಂಬ ಯೋಚನೆಯಲ್ಲೇ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಭಾನುವಾರ, ಊರಿನ ಕ್ಲಿನಿಕ್ ಬಾಗಿಲು ಹಾಕಿತ್ತು. ಸ್ತ್ರೀರೋಗ ತಜ್ಞರು ಯಾವಾಗ ಬೇಕಾದರೂ ಕನ್ನಡದಲ್ಲೇ ಸಿಗುತ್ತಾರೆ ಎಂಬ ನಿಮ್ಮ ಜಾಹೀರಾತು ನಂಬಿ ಹಣ ಕಟ್ಟಿದೆ.

ಚಾಟ್‌ನಲ್ಲಿ ನಡೆದದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಜೊತೆಗಿಟ್ಟಿದ್ದೇನೆ. ಮುಟ್ಟು ತಡವಾಗಿದೆ, ಕಂದು ಬಣ್ಣದ ಬ್ಲೀಡಿಂಗ್ ಆಗುತ್ತಿದೆ, ಬಸಿರಾಗಿರಬಹುದಾ ಎಂದು ನಾನು ಕೇಳಿದ್ದೆ. ಅದಕ್ಕೆ ಬಂದ ಉತ್ತರ: "ಬ್ಲೀಡಿಂಗ್ ಆಗ್ತಿದೆ ಅಂದ್ರೆ ಪ್ರೆಗ್ನೆನ್ಸಿ ಇಲ್ಲ. ಹಾರ್ಮೋನ್ ಏರುಪೇರು. ಈ ಮಾತ್ರೆ ತಗೊಳ್ಳಿ." ಅದರ ಹಿಂದೆಯೇ ನಾರೆಥಿಸ್ಟೆರಾನ್ ಎಂಬ, ರಕ್ತ ನಿಲ್ಲಿಸುವ ಹಾರ್ಮೋನ್ ಮಾತ್ರೆಯ ಚೀಟಿ ಬಂತು. ಐದು ನಿಮಿಷವೂ ಆಗಿರಲಿಲ್ಲ. ಕೊನೆಯ ಮುಟ್ಟಿನ ತಾರೀಖು ಕೇಳಲಿಲ್ಲ. ಹೊಟ್ಟೆ ನೋವು ಇದೆಯಾ ಎಂದು ಕೇಳಲಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕಾರ್ಡ್ ತಂದು ಮೂತ್ರ ಪರೀಕ್ಷೆ ಮಾಡಿಕೊಳ್ಳಿ ಎಂಬ ಒಂದು ಮಾತೂ ಇಲ್ಲ.

ನಾನು ನೇರವಾಗಿ ಕೇಳಿದ ಪ್ರಶ್ನೆಗೇ ನಿಮ್ಮವರು ತಪ್ಪು ಉತ್ತರ ಕೊಟ್ಟರು. ಗರ್ಭ ನಿಂತ ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಎಷ್ಟೋ ಜನರಿಗೆ ಮುಂದೆ ಏನೂ ತೊಂದರೆಯಾಗುವುದಿಲ್ಲ. ಕೆಲವರಿಗೆ ಅದು ಗರ್ಭಪಾತದ ಸೂಚನೆ. ಒಟ್ಟು 100 ಬಸಿರುಗಳಲ್ಲಿ ಒಂದೆರಡರಲ್ಲಿ ಗರ್ಭಕೋಶದ ಬದಲು ಟ್ಯೂಬಿನಲ್ಲಿ (ಅಂಡನಾಳದಲ್ಲಿ) ಗರ್ಭ ಕೂತಿರುತ್ತದೆ. ಟ್ಯೂಬ್ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಜೀವಕ್ಕೇ ಅಪಾಯ. ಇದರಲ್ಲಿ ಯಾವುದು ಎಂದು ಚಾಟ್‌ನಲ್ಲಿ ಕೂತು ಯಾರಿಂದಲೂ ಹೇಳಲಾಗದು, ಒಪ್ಪುತ್ತೇನೆ. ಆದರೆ ಬಸಿರು ಇಲ್ಲ ಎಂದೂ ಹೇಳಲಾಗದು, ಅಲ್ವಾ? ಮುಟ್ಟಿನ ದಿನ ದಾಟಿದವಳಿಗೆ ಕಾರ್ಡ್ ಪರೀಕ್ಷೆ ಮೊದಲ ಹೆಜ್ಜೆ. ಬಸಿರಿರಬಹುದು ಎಂಬ ಅನುಮಾನ ಇದ್ದರೆ ನೀವು ಬರೆದ ಆ ಮಾತ್ರೆ ತೆಗೆದುಕೊಳ್ಳಬಾರದು ಎಂದು ಅದರ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ.

ಮಾತ್ರೆ ಶುರು ಮಾಡಿದ ಮೇಲೆ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು ಬಂತು. ಒಂದೇ ಕಡೆ, ಚುಚ್ಚಿದ ಹಾಗೆ. ಅದೇ ಚಾಟ್‌ನಲ್ಲಿ ಬರೆದೆ. "ನಿಮ್ಮ ಸಮಾಲೋಚನೆಯ ಅವಧಿ ಮುಗಿದಿದೆ, ಮುಂದುವರಿಸಲು ಹಣ ಪಾವತಿಸಿ" ಎಂದು ಪರದೆಯ ಮೇಲೆ ಬಂತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ. ಮುಟ್ಟು ತಪ್ಪಿ, ರಕ್ತ ಹೋಗುತ್ತಿದ್ದು, ಒಂದೇ ಪಕ್ಕದಲ್ಲಿ ನೋವು ಎಂದರೆ ಯಾವ ಸಣ್ಣ ಆಸ್ಪತ್ರೆಯ ನರ್ಸ್ ಆದರೂ ಎದ್ದು ನಿಲ್ಲುತ್ತಾರೆ. ನಿಮ್ಮಲ್ಲಿ ಆ ಮಾತುಗಳನ್ನು ಓದುವವರೇ ಇರಲಿಲ್ಲ.

ನಮ್ಮ ಅತ್ತೆ ಪಕ್ಕದ ಓಣಿಯ ಆಶಾ ಕಾರ್ಯಕರ್ತೆ ಅಕ್ಕನನ್ನು ಕರೆಸಿದರು. ಅವರ ಬ್ಯಾಗಿನಲ್ಲಿ ಸರ್ಕಾರ ಉಚಿತವಾಗಿ ಕೊಡುವ, ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್ ಇತ್ತು. ಎರಡು ಗೆರೆ ಬಂತು. ಅಷ್ಟು ದಿನ ನೋಡಬೇಕು ಎಂದು ಆಸೆಪಟ್ಟ ಗೆರೆಗಳು. ಖುಷಿಪಡಲೂ ಆಗಲಿಲ್ಲ. ಅಕ್ಕ ಆಗಲೇ "ಮಾತ್ರೆ ನಿಲ್ಲಿಸು, ಈಗಲೇ ಆಸ್ಪತ್ರೆಗೆ ಹೊರಡು" ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆಯೇ ಕೊನೆಯ ಮುಟ್ಟಿನ ತಾರೀಖು. ರಕ್ತದ ಗುಂಪೂ ಕೇಳಿದರು. ನೆಗೆಟಿವ್ ಇದ್ದರೆ ಬೇರೆ ಇಂಜೆಕ್ಷನ್ ಬೇಕಾಗುತ್ತದಂತೆ, ನನ್ನದು ಪಾಸಿಟಿವ್. ಬಸಿರಿನ ಹಾರ್ಮೋನ್ ಎಷ್ಟಿದೆ ಎಂದು ಅಳೆಯುವ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಮಾಡಿಸಿ, 48 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಗರ್ಭ ಸರಿಯಾಗಿ ಬೆಳೆಯುತ್ತಿದ್ದರೆ ಶುರುವಿನಲ್ಲಿ ಆ ಅಂಕಿ ಅಷ್ಟು ಹೊತ್ತಿಗೆ ಚೆನ್ನಾಗಿ ಏರಬೇಕು. ನನ್ನದು ಸ್ವಲ್ಪವೇ ಏರಿತ್ತು. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ, ಎಡಗಡೆ ಟ್ಯೂಬಿನ ಹತ್ತಿರ ಸಣ್ಣ ಗಂಟು. ಟ್ಯೂಬ್ ಒಡೆದಿರಲಿಲ್ಲ. ಹಾಗಾಗಿ ಆಪರೇಷನ್ ಇಲ್ಲದೆ, ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ಮುಗಿಯಿತು. ನಾಲ್ಕನೇ ದಿನ, ಏಳನೇ ದಿನ ರಕ್ತ ಕೊಟ್ಟು ಅಂಕಿ ಇಳಿಯುತ್ತಿದೆಯಾ ಎಂದು ನೋಡಿದ್ದಾಯಿತು. ಇನ್ನೂ ಕನಿಷ್ಠ ಮೂರು ತಿಂಗಳು ಬಸಿರು ಬೇಡ ಎಂದಿದ್ದಾರೆ.

ನಿಮ್ಮ ಮಾತ್ರೆಯಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಗರ್ಭ ಟ್ಯೂಬಿನಲ್ಲಿ ಮೊದಲೇ ಕೂತಿತ್ತು. ಹೋದ ಗರ್ಭವನ್ನು ಯಾರೂ ಉಳಿಸಲಾಗುತ್ತಿರಲಿಲ್ಲ ಎಂದು ಮೇಡಂ ಬಿಡಿಸಿ ಹೇಳಿದ್ದಾರೆ. ಆದರೆ ನಿಮ್ಮ ಮಾತು ನಂಬಿ ಮನೆಯಲ್ಲೇ ಕೂತಿದ್ದರೆ ನನ್ನ ಟ್ಯೂಬ್ ಒಡೆಯುತ್ತಿತ್ತೋ ಏನೋ. ಆ ಅಪಾಯಕ್ಕೆ ನನ್ನನ್ನು ಬಿಟ್ಟವರು ನೀವು.

ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಆ್ಯಪ್‌ನಲ್ಲಿರುವ ಪ್ರತಿ ವೈದ್ಯರ ಹೆಸರು, ಅರ್ಹತೆ, ನೋಂದಣಿ ಸಂಖ್ಯೆ ರೋಗಿಗೆ ತಿಳಿಸಬೇಕು ಎಂದು ಅದರಲ್ಲಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂದೂ ಇದೆ. ನನಗೆ ಬಂದ ಚೀಟಿಯಲ್ಲಿ ನೋಂದಣಿ ಸಂಖ್ಯೆಯ ಜಾಗ ಖಾಲಿ ಇದೆ. ಅಂದು ನನಗೆ ಉತ್ತರ ಬರೆದವರು ಯಾರು? ನಿಜವಾಗಿಯೂ ಸ್ತ್ರೀರೋಗ ತಜ್ಞರೇ? ಇದಕ್ಕೆ ಲಿಖಿತ ಉತ್ತರ ಬೇಕು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಮುಂದಿನ ಸಲಹೆಗೆ ಕೂಪನ್ ಕೊಡುತ್ತೇವೆ ಎಂದರು. ಕೂಪನ್ ಬೇಡ. ಕಟ್ಟಿದ ಶುಲ್ಕವನ್ನು ನನ್ನ ಖಾತೆಗೇ ವಾಪಸ್ ಹಾಕಿ. ಅದಕ್ಕಿಂತ ಮುಖ್ಯವಾಗಿ, ರಕ್ತಸ್ರಾವ ಎಂದು ಬರೆಯುವ ಹೆಣ್ಣುಮಕ್ಕಳಿಗೆಲ್ಲ ಕೊನೆಯ ಮುಟ್ಟಿನ ತಾರೀಖು ಮತ್ತು ಬಸಿರಿನ ಸಾಧ್ಯತೆ ಕೇಳದೆ ಚಾಟ್ ಮುಂದೆ ಹೋಗದಂತೆ ಮಾಡಿ. ಕಾರ್ಡ್ ಪರೀಕ್ಷೆಯ ಫಲಿತಾಂಶ ಬರುವ ತನಕ ರಕ್ತ ನಿಲ್ಲಿಸುವ ಹಾರ್ಮೋನ್ ಮಾತ್ರೆ ಬರೆಯಬೇಡಿ. ಒಂದೇ ಪಕ್ಕದ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಜೋರು ರಕ್ತಸ್ರಾವ ಎಂದು ಯಾರಾದರೂ ಬರೆದರೆ ಹಣ ಕೇಳಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ ಎಂದು ದೊಡ್ಡದಾಗಿ ತೋರಿಸಿ. ಇದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ಮದುವೆಯಾಗದ ಹುಡುಗಿಯರೂ ನಿಮ್ಮ ಆ್ಯಪ್‌ಗೆ ಬರುತ್ತಾರೆ. ಮನೆಯಲ್ಲಿ ಬಾಯಿ ಬಿಡಲಾಗದವರು, ಮೆಡಿಕಲ್ ಶಾಪ್‌ನಲ್ಲಿ ಕಾರ್ಡ್ ಕೇಳಲು ಹೆದರುವವರು. ನನಗೆ ಅತ್ತೆ ಇದ್ದರು, ಆಶಾ ಅಕ್ಕ ಇದ್ದರು. ಆ ಹುಡುಗಿಯರಿಗೆ ನಿಮ್ಮ ಚಾಟ್ ಒಂದೇ ಗತಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಇದೇ ದಾಖಲೆಗಳನ್ನು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಚಾಟ್‌ನ ಸ್ಕ್ರೀನ್‌ಶಾಟ್, ಔಷಧ ಚೀಟಿ, ಶುಲ್ಕದ ರಸೀದಿ, ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ವರದಿಗಳ ಪ್ರತಿ