ಪುಟ ಬದಲಿಸಿದರೆ ಹುಡುಕಾಟ ಅಳಿಸಬಾರದು

ಮಾನ್ಯ ಸಂಪಾದಕರೇ,

ಗ್ರಂಥಾಲಯವೊಂದರ ಜಾಲತಾಣದಲ್ಲಿ ಭಾಷೆ, ವಿಷಯ, ಪ್ರಕಟಣೆಯ ವರ್ಷ ಎಂದು ಒಂದೊಂದಾಗಿ ಆರಿಸಿಕೊಂಡು, ಸಿಕ್ಕ ಪುಸ್ತಕಗಳ ಎರಡನೆಯ ಪುಟಕ್ಕೆ ಹೋದೊಡನೆ, ಆರಿಸಿದ್ದೆಲ್ಲ ಅಳಿಸಿಹೋಗಿ ಇಡೀ ಪಟ್ಟಿಯೇ ಮತ್ತೆ ಎದುರಾಯಿತು. ಬ್ರೌಸರ್‌ನ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಪುಟಸಂಖ್ಯೆಯೊಂದೇ ಉಳಿದಿತ್ತು.

ಜಾಲತಾಣ ರೂಪಿಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವ ನನಗೆ ಇದರ ಮೂಲ ಗೊತ್ತು. ಮುಂದಿನ ಪುಟದ ಲಿಂಕನ್ನು ಕೈಯಿಂದಲೇ ಜೋಡಿಸಿ ಬರೆದಾಗ ಹಳೆಯ ಪ್ಯಾರಾಮೀಟರ್‌ಗಳು, ಅಂದರೆ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಆಯ್ಕೆಗಳ ಹೆಸರು ಮತ್ತು ಮೌಲ್ಯಗಳು, ಬಿಟ್ಟುಹೋಗುತ್ತವೆ. ಪಿಎಚ್‌ಪಿಯ ಸಿದ್ಧ ಚೌಕಟ್ಟಾದ ಲಾರಾವೆಲ್ ಫ್ರೇಮ್‌ವರ್ಕ್‌ನಲ್ಲಿ ‘ಫುಲ್‌ಯುಆರ್‌ಎಲ್‌ವಿತ್‌ಕ್ವೆರಿ’ ಎಂಬ ಮೆಥಡ್ (ಸಿದ್ಧ ಆದೇಶ), ವಿಳಾಸದಲ್ಲಿ ಈಗಾಗಲೇ ಇರುವುದನ್ನು ಉಳಿಸಿಕೊಂಡೇ ಹೊಸ ಪ್ಯಾರಾಮೀಟರನ್ನು ಸೇರಿಸುತ್ತದೆ. ಅದೇ ಹೆಸರಿನದು ಮೊದಲೇ ಇದ್ದರೆ ಅದರ ಮೌಲ್ಯವನ್ನಷ್ಟೇ ಬದಲಿಸುತ್ತದೆ. ಪುಟಗಳ ಲಿಂಕ್‌ಗಳಿಗೆಂದೇ ‘ವಿತ್‌ಕ್ವೆರಿಸ್ಟ್ರಿಂಗ್’ ಕೂಡ ಇದೆ.

ಇದಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಇದಕ್ಕೆ ತದ್ವಿರುದ್ಧವಾದ ದೋಷ. ಏಳನೆಯ ಪುಟದಲ್ಲಿರುವ ಓದುಗರು ವಿಷಯವನ್ನು ಬದಲಿಸಿದಾಗ ಹಳೆಯ ಪುಟಸಂಖ್ಯೆ ವಿಳಾಸದಲ್ಲೇ ಉಳಿದರೆ, ಮೂರೇ ಪುಟಗಳಷ್ಟಿರುವ ಹೊಸ ಫಲಿತಾಂಶದಲ್ಲಿ ಅವರಿಗೆ ಕಾಣುವುದು ಖಾಲಿ ಪರದೆ; ಪುಸ್ತಕವೇ ಇಲ್ಲವೆಂದುಕೊಂಡು ಅವರು ಹಿಂತಿರುಗುತ್ತಾರೆ, ಇದು ನಿಜಕ್ಕೂ ಬೇಸರದ ಸಂಗತಿ. ಅದೇ ‘ಫುಲ್‌ಯುಆರ್‌ಎಲ್‌ವಿತ್‌ಕ್ವೆರಿ’ಯಲ್ಲಿ ಪುಟದ ಪ್ಯಾರಾಮೀಟರ್‌ಗೆ ‘ನಲ್’ (ಏನೂ ಇಲ್ಲ ಎಂಬ) ಮೌಲ್ಯ ಕೊಟ್ಟರೆ ಅದು ವಿಳಾಸದಿಂದ ತಾನಾಗಿಯೇ ಬಿಟ್ಟುಹೋಗುತ್ತದೆ.

ಜಾಲತಾಣ ರೂಪಿಸುವವರು ಅದನ್ನು ಒಪ್ಪಿಸುವ ಮುನ್ನ ಎರಡನೆಯ ಪುಟವನ್ನೂ ತೆರೆದು ಪರೀಕ್ಷಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ವೆಬ್ ಡೆವಲಪರ್