ಕೋವಿ ರಿಪೇರಿ ಕಲಿಸುವವರು ಯಾರು?

ಮಾನ್ಯರೇ,

ಶಿರಸಿ, ಸಿದ್ದಾಪುರ ಕಡೆ ಅಡಿಕೆ ತೋಟಕ್ಕೆ ಮಂಗ, ಹಂದಿಗಳ ಕಾಟ ಜಾಸ್ತಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಹಲವು ಮನೆಗಳಲ್ಲಿದೆ. ಮಳೆಗಾಲದ ತೇವಕ್ಕೆ ನಳಿಗೆ ತುಕ್ಕು ಹಿಡಿಯುತ್ತದೆ, ಕೋವಿಯ ಕುದುರೆಯ (ಸುತ್ತಿಗೆಯಂತೆ ಬಡಿಯುವ ಭಾಗ) ಸ್ಪ್ರಿಂಗ್ ಸೋಲುತ್ತದೆ. ಚುನಾವಣೆ ಹೊತ್ತಿಗೆ ಠಾಣೆಯಲ್ಲಿಟ್ಟು ಬಂದ ಕೋವಿಯ ಗತಿ ಬೇರೆ ಹೇಳಬೇಕೇ!

ಸುಮ್ನೆ ಯಾರೋ ಬಿಚ್ಚಿ ಸರಿಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಕಸುಬಿಗೂ ಲೈಸೆನ್ಸ್ ಬೇಕು. ಅದು ಸರಿಯೇ. ಆದರೆ ಕೆಲಸ ಕಲಿಯುವುದೆಲ್ಲಿ? ಐಟಿಐಯಲ್ಲಿ ಫಿಟ್ಟರ್, ಟರ್ನರ್ ಓದಿದ ಹುಡುಗರಿಗೆ ಅರ ಹಿಡಿಯಲು, ಲೇತ್ ನಡೆಸಲು ಬರುತ್ತದೆ. ಆಸಕ್ತರನ್ನು ಆರಿಸಿ, ಹಿನ್ನೆಲೆ ಪರಿಶೀಲಿಸಿ, ಕಾರವಾರದಲ್ಲಿ ಪೊಲೀಸ್ ಇಲಾಖೆಯ ಆರ್ಮರರ್‌ಗಳಿಂದಲೇ (ಆಯುಧ ರಿಪೇರಿ ಮಾಡುವ ಸಿಬ್ಬಂದಿ) ತರಬೇತಿ ಕೊಡಿಸಬಹುದಲ್ವಾ? ಜಿಲ್ಲಾಡಳಿತ ಯೋಚಿಸಲಿ.

– ಅಡಿಕೆ ಬೆಳೆಗಾರ, ಶಿರಸಿ