ಎಚ್‌ಆರ್‌ವಿ: ತಿದ್ದಿದ ಬಡಿತಗಳ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಹೃದಯ ಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತದೆ ಎಂದು ಅಳೆದು 'ಒತ್ತಡ' ಹೇಳುವ ಆ್ಯಪ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಈ ಏರಿಳಿತವೇ ಎಚ್‌ಆರ್‌ವಿ. ಇಂಥ ತಂತ್ರಾಂಶದಲ್ಲಿ ಸೂತ್ರ ಕಷ್ಟದ್ದಲ್ಲ, ಅಕ್ಕಪಕ್ಕದ ಅಂತರಗಳ ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಾಣುವ ಆರ್‌ಎಂಎಸ್‌ಎಸ್‌ಡಿ ಎಂಬ ಅಳತೆಗೆ ನಾಲ್ಕು ಸಾಲಿನ ಕೋಡ್ ಸಾಕು. ಎಡವುವುದು ಅದಕ್ಕೂ ಮೊದಲು, ಬಡಿತ ಗುರುತಿಸುವಾಗ.

5 ನಿಮಿಷದ ಇಸಿಜಿ ತೆಗೆದುಕೊಳ್ಳಿ. ಅಂತರಗಳು 800 ಮಿಲಿಸೆಕೆಂಡಿನ ಆಸುಪಾಸು, ಸುಮಾರು 375 ಬಡಿತ, ಆರ್‌ಎಂಎಸ್‌ಎಸ್‌ಡಿ 20 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಅಕಾಲಿಕ ಬಡಿತ ನುಸುಳಿದರೆ ಒಂದು ಅಂತರ 520ಕ್ಕೆ ಕುಸಿದು, ಮುಂದಿನದು 1080ಕ್ಕೆ ಜಿಗಿಯುತ್ತದೆ. ವ್ಯತ್ಯಾಸಗಳನ್ನು ವರ್ಗ ಮಾಡುವ ಲೆಕ್ಕವಾದ್ದರಿಂದ ಉತ್ತರ 40 ದಾಟುತ್ತದೆ. ಈ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿದ ಬಳಕೆದಾರ ಮಾತ್ರ ಆರೋಗ್ಯ ಸುಧಾರಿಸಿತೆಂದು ಬೀಗುತ್ತಾನೆ!

ಎಲ್ಲ ದೋಷಕ್ಕೂ ಒಂದೇ ಮದ್ದಿಲ್ಲ. ಇಸಿಜಿಯಲ್ಲಿ ಬಡಿತದ ಚೂಪು ಶಿಖರದ (ಆರ್ ಶಿಖರ) ನಂತರ ಬರುವ ಟಿ ಅಲೆಯನ್ನೇ ಬಡಿತವೆಂದು ಎಣಿಸಿ ಅಂತರ ಎರಡು ತುಂಡಾಗಿದ್ದರೆ ಕೂಡಿಸಬೇಕು. ಅಂತರ ಇಮ್ಮಡಿಯಾಗಿ 1600 ಕಂಡರೆ ಮೂಲ ಇಸಿಜಿಗೆ ಮರಳಿ, ತಪ್ಪಿಹೋದ ಆರ್ ಶಿಖರ ಹುಡುಕಬೇಕು. ಅಕಾಲಿಕ ಬಡಿತವಾದರೆ ಅದರ ಎರಡೂ ಬದಿಯ ಅಂತರಗಳನ್ನು ಕೈಬಿಡಬೇಕು, ಉಳಿದ ತುದಿಗಳನ್ನು ಅಂಟಿಸಿ ವ್ಯತ್ಯಾಸ ತೆಗೆಯಬಾರದು. ಏರಿಳಿತವನ್ನು ಆವರ್ತನಗಳಾಗಿ ಬಿಡಿಸುವ ಸ್ಪೆಕ್ಟ್ರಮ್ ಲೆಕ್ಕಕ್ಕೆ ಆ ಜಾಗವನ್ನು ಇಂಟರ್‌ಪೊಲೇಷನ್‌ನಿಂದ (ಅಕ್ಕಪಕ್ಕದ ಅಂತರಗಳಿಂದ ಅಂದಾಜಿಸಿ) ತುಂಬಬೇಕು, ಇಲ್ಲವಾದರೆ ಕಾಲವೇ ಮೊಟಕಾಗುತ್ತದೆ. ಸುತ್ತಲಿನ ಮಧ್ಯಾಂಕಕ್ಕಿಂತ ಶೇ 20ರಷ್ಟು ಆಚೀಚೆ ಇದ್ದದ್ದನ್ನೆಲ್ಲ ಕಿತ್ತೆಸೆಯುವ ಸೋಮಾರಿ ಉಪಾಯವೂ ಇದೆ. ಉಸಿರಾಟದೊಡನೆ ಸಹಜವಾಗಿಯೇ ಹೆಚ್ಚು ಏರಿಳಿಯುವ ಕ್ರೀಡಾಪಟುವಿನ ಬಡಿತವನ್ನೂ ಅದು ಕತ್ತರಿಸಿಬಿಡುತ್ತದೆ.

ಇಸಿಜಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತಾರೆಂಬ ಸ್ಯಾಂಪ್ಲಿಂಗ್ ದರವನ್ನೂ ಕಡೆಗಣಿಸುವಂತಿಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ 1996ರ ಮಾರ್ಗಸೂಚಿ 250ರಿಂದ 500 ಹರ್ಟ್ಸ್ ಅಥವಾ ಹೆಚ್ಚಿನ ದರವನ್ನು ಸೂಚಿಸುತ್ತದೆ. 100 ಹರ್ಟ್ಸ್‌ನಲ್ಲಿ ಶಿಖರದ ಸಮಯ 10 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಷ್ಟೇ ಸಿಗುತ್ತದೆ. ನಿಜವಾದ ಆರ್‌ಎಂಎಸ್‌ಎಸ್‌ಡಿ 5 ಇದ್ದರೂ 8–9 ತೋರುತ್ತದೆ. ಶಿಖರದ ಸುತ್ತ ಪರವಲಯದ (ಪ್ಯಾರಾಬೋಲಾ) ರೇಖೆ ಹೊಂದಿಸಿದರೆ ಇದನ್ನು ಬಹುಮಟ್ಟಿಗೆ ತಗ್ಗಿಸಬಹುದು.

'ಒತ್ತಡ ಸೂಚ್ಯಂಕ'ದ ಹೆಸರಿನಲ್ಲಿ ಎಲ್‌ಎಫ್–ಎಚ್‌ಎಫ್ (ನಿಧಾನದ ಮತ್ತು ವೇಗದ ಏರಿಳಿತಗಳ) ಅನುಪಾತ ತೋರಿಸುವವರಿಗೆ ಒಂದು ಮಾತು: ನಿಮಿಷಕ್ಕೆ 6 ಬಾರಿ ನಿಧಾನವಾಗಿ ಉಸಿರಾಡಿದರೆ ಆ ಏರಿಳಿತ 0.1 ಹರ್ಟ್ಸ್‌ಗೆ ಬಂದು ಎಲ್‌ಎಫ್ ಪಟ್ಟಿಯಲ್ಲಿ ಬಿದ್ದು, ಅನುಪಾತ ಏರುತ್ತದೆ. ಆರಾಮವಾಗಿ ಕೂತವನಿಗೂ ಒತ್ತಡದ ಪಟ್ಟ!

ಇಂಥ ತಂತ್ರಾಂಶ ಮಾಡುವವರು ಫಲಿತಾಂಶದ ಪಕ್ಕದಲ್ಲೇ ದಾಖಲೆಯ ಅವಧಿಯನ್ನೂ ತಿದ್ದಿದ ಬಡಿತಗಳ ಶೇಕಡಾವಾರನ್ನೂ ಮುದ್ರಿಸಲಿ. ಬಿಡುಗಡೆಗೆ ಮುನ್ನ, ಪ್ರತಿ ಬಡಿತಕ್ಕೂ ತಜ್ಞರ ಗುರುತಿರುವ ಎಂಐಟಿ-ಬಿಐಎಚ್ ಅರಿತ್ಮಿಯಾ (ಲಯ ತಪ್ಪಿದ ಬಡಿತ) ಇಸಿಜಿ ಸಂಗ್ರಹದ 48 ದಾಖಲೆಗಳ ಮೇಲೆ ಓಡಿಸಿ, ಎಷ್ಟು ಬಡಿತ ತಪ್ಪಿತೆಂಬುದನ್ನೂ ತಿಳಿಸಲಿ.

– ಓದುಗರು